ಮೊಮ್ಮಗಳ ನಿದ್ದೆಗೊಂದು ಗಾಳಿಯ ಪೈಪು

ನೀರಿನ ಪೈಪಿನೊಳಗೆ ಬೇಕೆಂದೇ ಗಾಳಿ ತುಂಬಿಡುವವರನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅಂಥವರು ಇದ್ದಾರೆ ಎಂದು ಯಾರಾದರೂ ಹೇಳಿದ್ದರೆ ಎದುರಿಗೇ ನಕ್ಕುಬಿಡುತ್ತಿದ್ದೆ. ಅಂಥವಳು ನನ್ನ ಮನೆಯಲ್ಲೇ ಹುಟ್ಟಿ, ನನ್ನ ಹೆಗಲ ಮೇಲೇ ಬೆಳೆದಿದ್ದಾಳೆ ಎಂದು ಗೊತ್ತಾದಾಗ ಆದ ದಿಗಿಲು ಇನ್ನೂ ಪೂರ್ತಿ ಇಳಿದಿಲ್ಲ. ಅದನ್ನು ಹೇಳಬೇಕಾದರೆ ಮೊದಲು ಕೂಸಿನ ಸುದ್ದಿ ಹೇಳಬೇಕು. ಕೂಸಿನ ಸುದ್ದಿ ಹೇಳಲು ಕೂತರೆ ನನಗೆ ಬೇರೆಲ್ಲ ಮರೆತುಹೋಗುತ್ತದೆ, ಅದೊಂದು ಫಜೀತಿ.

ಮಗಳಿಗೆ ಮದುವೆಯಾಗಿ ಬಹಳ ವರ್ಷ ಮಕ್ಕಳಾಗಿರಲಿಲ್ಲ. ಮೊದಮೊದಲು ಊರವರು ಕೇಳುತ್ತಿದ್ದರು. ಆಮೇಲೆ ಕೇಳುವುದನ್ನೇ ಬಿಟ್ಟರು. ಬಿಟ್ಟದ್ದು ಕೇಳಿದ್ದಕ್ಕಿಂತ ಹೆಚ್ಚು ನೋಯುತ್ತಿತ್ತು. ಅವಳು ಗಂಗಾವತಿಯಲ್ಲಿ ಐಟಿಐ ಕಲಿತವಳು, ಕುಷ್ಟಗಿಯಲ್ಲಿ ಗಂಡನ ಜೊತೆ ಮೋಟರ್ ವೈಂಡಿಂಗ್ ಅಂಗಡಿ ನಡೆಸುತ್ತಾಳೆ. ಸುಟ್ಟ ಮೋಟರನ್ನು ಮೂಸಿ ನೋಡಿಯೇ ಏನಾಗಿದೆ ಎಂದು ಹೇಳುವ ಹುಡುಗಿ. ಅಂಥವಳು ಒಂದು ದಿನ ಫೋನಿನಲ್ಲಿ, "ಅಪ್ಪಾ, ಅವ್ವನ ಕೈಯಾಗ ಕೊಡು" ಅಂದಳು. ನಮ್ಮಾಕೆ ಫೋನು ಕಿವಿಗೆ ಹಿಡಿದು ನಿಂತಲ್ಲೇ ಕುಸಿದು ಕೂತಳು. ಯಾರೋ ಸತ್ತರೇನೋ ಎಂದು ನಾನು ಹೆದರಿ ನೋಡಿದರೆ ಆಕೆ ನಗುತ್ತಿದ್ದಳು.

ಚೊಚ್ಚಲ ಹೆರಿಗೆ, ತವರಿಗೆ ಬಂದಳು. ದಿನ ತುಂಬುವ ಮೊದಲೇ ಹೆರಿಗೆ ಆಯಿತು. ಹೆಣ್ಣು ಕೂಸು! ನನ್ನ ಎರಡೂ ಅಂಗೈ ಸೇರಿಸಿದರೆ ಅದರಲ್ಲಿ ಮಲಗಬಹುದು, ಅಷ್ಟು ಸಣ್ಣದು. ಬೆರಳು ನೋಡಿದರೆ ಹೀರೆಯ ಹೂವಿನ ದಂಟಿನ ಹಾಗೆ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಊರಿನ ಆಶಾ ಕಾರ್ಯಕರ್ತೆ ಬಂದು ತೂಗಿ ನೋಡಿ, ನಗದೆ ಹೇಳಿದಳು:

"ಕಾಕಾ, ಈ ಕೂಸಿಗೆ ಎರಡs ಕೆಲಸ. ಕುಡೀಬೇಕು, ಮಲಗಬೇಕು. ನಾ ಮತ್ತ ಬರೂದ್ರಾಗ ತೂಕ ಏರಿರಬೇಕು ನೋಡ್ರಿ. ಏರಲಿಲ್ಲಂದ್ರ ಕೊಪ್ಪಳದ ದೊಡ್ಡ ಆಸ್ಪತ್ರಿಗೆ ಕಳಸ್ತೀನಿ. ಅಲ್ಲಿ ಗಾಜಿನ ಪೆಟ್ಟಿಗ್ಯಾಗ ಇಡ್ತಾರ. ಕೂಸು ಒಳಗ, ತಾಯಿ ಹೊರಗ."

ಇಷ್ಟು ವರ್ಷ ಕಾದು ಪಡೆದ ಕೂಸು ಗಾಜಿನ ಒಳಗೆ, ನನ್ನ ಮಗಳು ಗಾಜಿನ ಹೊರಗೆ. ಆ ಮಾತು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು. ಅಂದಿನಿಂದ ನಮ್ಮ ಮನೆಯಲ್ಲಿ ಯಾರೂ ಗಟ್ಟಿಯಾಗಿ ಕೆಮ್ಮುತ್ತಿರಲಿಲ್ಲ. ರೊಟ್ಟಿ ಬಡಿಯುವ ಸದ್ದಿಗೂ ಕೂಸು ಎದ್ದೀತೆಂದು ನಮ್ಮಾಕೆ ಹೊರಗಿನ ಒಲೆಯಲ್ಲಿ ಬಡಿಯತೊಡಗಿದಳು.

ನಮ್ಮ ಮನೆ ಆನೆಗೊಂದಿಯ ಅಂಚಿನಲ್ಲಿ, ಗುಂಡುಗಲ್ಲುಗಳ ಬುಡದಲ್ಲಿದೆ. ಹಿತ್ತಲಿಗೆ ಹೊಂದಿಕೊಂಡೇ ಮನೆಗಿಂತ ಎತ್ತರದ ಒಂದು ಗುಂಡು. ಅದರ ನೆತ್ತಿಯ ಮೇಲೆ ನಮ್ಮ ನೀರಿನ ಟ್ಯಾಂಕು ಕೂಡಿಸಿದ್ದೇನೆ. ಅಲ್ಲಿಂದ ಪೈಪು ಗುಂಡಿನ ಮೈಮೇಲೆ ಇಳಿದು, ಬಾಣಂತಿ ಕೋಣೆಯ ಗೋಡೆಗೆ ಒರಗಿ, ಹಿತ್ತಲಿಗೆ ಬರುತ್ತದೆ. ಎತ್ತರದಿಂದ ಬರುವ ನೀರು, ನಳ ತಿರುವಿದರೆ ಬಕೆಟ್ಟಿನ ತಳ ಕಿತ್ತುಹೋಗುವ ಹಾಗೆ ಹೊಡೆಯುತ್ತದೆ. ಹಿತ್ತಲಲ್ಲಿ ಸಬ್ಬಸಿಗೆ, ಮೆಂತ್ಯ ಮತ್ತು ಎರಡು ಪಪ್ಪಾಯಿ ಗಿಡ. ಬಾಣಂತಿಗೆ ಸಬ್ಬಸಿಗೆ ಪಲ್ಯ ತಿನ್ನಿಸಿದರೆ ಹಾಲು ಚೆನ್ನಾಗಿ ಬರುತ್ತದೆ ಎಂದು ನಮ್ಮಾಕೆ ಮಗಳು ಬರುವ ಮೊದಲೇ ಮಡಿ ಮಾಡಿ ಬೀಜ ಚೆಲ್ಲಿದ್ದಳು.

ಇನ್ನು ಮಂಗಗಳು. ಈ ಕಡೆ ಇದ್ದವರಿಗೆ ಮಂಗನ ವಿಷಯ ಹೇಳುವುದು ಬೇಡ. ಗುಂಡಿನಿಂದ ಗುಂಡಿಗೆ ಹಾರಿ, ನಮ್ಮ ಟ್ಯಾಂಕಿನ ಮೇಲೆ ಕೂತು, ಪೈಪು ಹಿಡಿದು ಜಾರಿ ಇಳಿಯುತ್ತವೆ. ಸಬ್ಬಸಿಗೆಯನ್ನು ಬೇರುಸಹಿತ ಕಿತ್ತು, ಮೂಸಿ, ಬೇಡವೆಂದು ಎಸೆಯುತ್ತವೆ. ತಿಂದರೂ ಸಿಟ್ಟು ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಹಿಂದಿನ ಬಾಗಿಲು ಸರಿಯಾಗಿ ಹಾಕಿರಲಿಲ್ಲ. ನಾನು ಪಡಸಾಲೆಯಲ್ಲಿದ್ದೆ. ಕೋಣೆಯ ಒಳಗಿನಿಂದ ಮಗಳ ದನಿ ಬಂತು, ದನಿ ಅನ್ನುವುದಕ್ಕಿಂತ ಉಸಿರು: "ಅಪ್ಪಾ... ಒದರಬ್ಯಾಡ... ಸಾವಕಾಶ ಬಾ."

ಇಣುಕಿದೆ. ಹೊರಸಿನ ಕಾಲ್ದೆಸೆಯಲ್ಲಿ ಒಂದು ದೊಡ್ಡ ಗಡವ ಮಂಗ ಕೂತಿತ್ತು. ಬಾಣಂತಿಗೆಂದು ಕಟ್ಟಿದ ಅಂಟಿನ ಉಂಡೆ ಅದರ ಕೈಯಲ್ಲಿ. ಹೆಸರಿಡುವ ತನಕ ಕೂಸನ್ನು ತೊಟ್ಟಿಲಿಗೆ ಹಾಕುವ ಪದ್ಧತಿ ನಮ್ಮಲ್ಲಿಲ್ಲ, ಅದು ತಾಯಿಯ ಮಗ್ಗುಲಲ್ಲೇ ಮಲಗಿತ್ತು. ಮಂಗನಿಗೂ ಕೂಸಿಗೂ ನಡುವೆ ಒಂದು ಕೌದಿಯ ಮಡಿಕೆ, ಅಷ್ಟೇ. ಮಂಗ ಉಂಡೆ ಕಚ್ಚುತ್ತ, ಇನ್ನೊಂದು ಕೈಯಿಂದ ಕೂಸಿನ ಕುಂಚಿಗೆಯ ಗೊಂಡೆಯನ್ನು ಹಿಡಿದು ನೋಡುತ್ತಿತ್ತು! ಮಗಳು ಕಲ್ಲಾಗಿದ್ದಳು. ನಾನೂ ಕಲ್ಲಾದೆ. ಅದು ಉಂಡೆ ಮುಗಿಸಿ, ನನ್ನನ್ನು ಒಮ್ಮೆ ನೋಡಿ, ಬಾಗಿಲಿನಿಂದ ಮನೆಯ ಯಜಮಾನನ ಹಾಗೆ ನಡೆದು ಹೋಯಿತು.

ಆಮೇಲೆ ನಾನು ಕೋಲು ಹುಡುಕಿದೆ. ನಮ್ಮಾಕೆ ಕೋಲು ಕಸಿದುಕೊಂಡಳು.

"ಹನಮಪ್ಪನ ಕೂಸಿಗೆ ಕೋಲು ಎತ್ತತೀರಿ? ಮನ್ಯಾಗ ಬಾಣಂತಿ ಅದಾಳ, ತಲಿ ನೆಟ್ಟಗೈತಿಲ್ಲೋ?"

"ಹಂಗಾರ ಏನ್ ಮಾಡ್ಲಿ? ಆರತಿ ಎತ್ಲೇನು?"

ಒಳಗಿನಿಂದ ಮಗಳು ಹೇಳಿದಳು: "ಯಾರೂ ಏನೂ ಎತ್ತಬ್ಯಾಡ್ರಿ. ಮಂಗ್ಯಾ ಹಿತ್ತಲಕ್ಕ ಕಾಲಿಟ್ಟ ಕೂಡ್ಲೆ ತಾನs ನೀರು ಚಿಮ್ಮೂ ಹಂಗ ಮಾಡೂಣು."

"ಹನಮಪ್ಪನ ಮ್ಯಾಲ ತಣ್ಣೀರು ಹಾಕ್ತೀ?" ಎಂದಳು ತಾಯಿ.

"ಅಭಿಷೇಕ ಅಂತ ತಿಳ್ಕೊಳಬೇ ಯವ್ವಾ."

ಅವಳು ಫೋನು ಮಾಡಿದ್ದೇ ತಡ, ಅಳಿಯ ಕುಷ್ಟಗಿಯಿಂದ ಒಂದು ಚೀಲ ಹಿಡಿದು ಬಂದು, ಕೂಸಿನ ಮುಖ ನೋಡಿ, ಚೀಲ ಇಟ್ಟು, ಅಂಗಡಿಗೆ ಓಡಿದ. ಚೀಲದಲ್ಲಿ ಒಂದು ಕಣ್ಣು ಇತ್ತು. ಮನುಷ್ಯ ಹತ್ತಿರ ಬಂದರೆ ತಾನೇ ಹೊತ್ತಿಕೊಳ್ಳುವ ದೀಪ ಇರುತ್ತದಲ್ಲ, ಅದರ ಕಣ್ಣು. ಒಂದು ಕರೆಂಟಿನ ವಾಲ್ವು, ಕರೆಂಟು ಸಿಕ್ಕರೆ ತೆರೆಯುತ್ತದೆ, ತಪ್ಪಿದರೆ ಟಪ್ಪಂತ ಮುಚ್ಚುತ್ತದೆ. ಹಳೆಯ ಬೈಕಿನ ಬ್ಯಾಟರಿ. ಶೇಂಗಾ ಹೊಲದಲ್ಲಿ ತಿರುಗುವ ಸ್ಪ್ರಿಂಕ್ಲರಿನ ಒಂದು ತಲೆ.

ಬಾಣಂತಿ ಹೊರಗೆ ಬರುವಂತಿಲ್ಲ, ತಣ್ಣೀರು ಮುಟ್ಟುವಂತಿಲ್ಲ. ತಲೆಗೆ ಬಟ್ಟೆ ಬಿಗಿದು, ಕಿವಿಗೆ ಅರಳೆ ತುರುಕಿ, ಹೊರಸಿನ ಕೆಳಗೆ ಕೆಂಡ ಇಟ್ಟು ಕೂಡಿಸಿರುತ್ತಾರೆ. ಹಾಗಾಗಿ ಅವಳು ಕಿಟಕಿಯ ಒಳಗೆ, ನಾನು ಕಿಟಕಿಯ ಹೊರಗೆ. ಅವಳು ಹೇಳಬೇಕು, ನಾನು ಮಾಡಬೇಕು. ನಾನು ಕೇಳಿದ್ದು ಅವಳ ಕಿವಿಯ ಅರಳೆಗೆ ಬಡಿದು ವಾಪಸು ಬರುತ್ತಿತ್ತು, ಕೂಸು ಎದ್ದೀತೆಂದು ನಾನು ಕೂಗುವಂತಿಲ್ಲ. ಕೈಸನ್ನೆಯಲ್ಲೇ ಅಪ್ಪ-ಮಗಳು ಒಂದು ಯಂತ್ರ ಕಟ್ಟಿದೆವು. ದಾರಿಯಲ್ಲಿ ಹೋಗುವವರು ನೋಡಿದ್ದರೆ ಮುದುಕನಿಗೆ ಏನೋ ಆಗಿದೆ ಅಂದುಕೊಳ್ಳುತ್ತಿದ್ದರು.

ಮರುದಿನ ಬೆಳಿಗ್ಗೆ ಮಂಗಗಳು ಬಂದವು. ಮೊದಲನೆಯದು ಮಡಿಗೆ ಕಾಲಿಟ್ಟಿತೋ ಇಲ್ಲವೋ, ಚರ್ರ್ ಎಂದು ನೀರು! ಅದು ಹಾರಿದ ಎತ್ತರ ನೀವು ನೋಡಬೇಕಿತ್ತು. ಹಿಂದಿದ್ದ ಬಳಗವೆಲ್ಲ ಗುಂಡು ಏರಿ ನಿಂತು, ನಮ್ಮ ಮನೆಯನ್ನು ಹೊಸದಾಗಿ ನೋಡುವವರ ಹಾಗೆ ನೋಡತೊಡಗಿದವು. ನಾನು ಎರಡೂ ಕೈ ಮೇಲೆತ್ತಿದೆ. ಆಗ ನೀರು ನಿಂತಿತು.

ನಿಂತದ್ದೇ ತಡ, ಢಂ!

ಗೋಡೆಗೆ ಯಾರೋ ಹಾರೆಯಿಂದ ಹೊಡೆದ ಹಾಗೆ. ಪೈಪು ಗೋಡೆಯಿಂದ ಎದ್ದು ಗೋಡೆಗೇ ಬಡಿಯಿತು. ಕಿಟಕಿಯ ಸರಳು ನಡುಗಿತು. ಒಳಗೆ ಕೂಸು ಕಿಟಾರನೆ ಕಿರುಚಿತು, ಕುಡಿಯುತ್ತಿದ್ದ ಹಾಲೆಲ್ಲ ಕಕ್ಕಿತು. ನಮ್ಮಾಕೆ ಓಡಿಬಂದು, "ಗುಂಡು ಉಳ್ಳಿತೇನ್ರೀ?" ಅಂದಳು.

ಅಂದು ಮಂಗ ಬಂದಷ್ಟು ಸಲವೂ ಹೀಗೇ. ಚರ್ರ್, ಢಂ, ಕೂಸಿನ ಕಿರುಚಾಟ. ಯಂತ್ರ ಬಂದ್ ಮಾಡಿದರೆ ಮಂಗ ಒಳಗೆ. ಹಚ್ಚಿದರೆ ಕೂಸಿಗೆ ನಿದ್ದೆಯಿಲ್ಲ, ಹೊಟ್ಟೆಯಲ್ಲಿ ಹಾಲು ನಿಲ್ಲುವುದಿಲ್ಲ. ಸಂಜೆಯ ಹೊತ್ತಿಗೆ ಮಗಳ ಮುಖ ಬಾಡಿತ್ತು. ಆಶಾ ಕಾರ್ಯಕರ್ತೆ ಹೇಳಿಹೋದ ಗಾಜಿನ ಪೆಟ್ಟಿಗೆ ನನ್ನ ಕಣ್ಣ ಮುಂದೆ ಬಂದು ನಿಲ್ಲುತ್ತಿತ್ತು.

ನನಗೆ ಕಾರಣ ಗೊತ್ತಿತ್ತು. ಗೊತ್ತಿತ್ತು ಎಂದು ತಿಳಿದಿದ್ದೆ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅಲ್ಲಿಂದ ಮುದುಕನಾಗುವ ತನಕ ಹೊಳೆಯ ದಂಡೆಯಲ್ಲಿ ಬಾಳೆ ತೋಟದವರ, ಭತ್ತದ ಗದ್ದೆಯವರ ಪಂಪುಸೆಟ್ಟು ನಡೆಸಿದವನು. ಪಂಪುಸೆಟ್ಟಿನವನಿಗೆ ಲೋಕದಲ್ಲಿ ಒಬ್ಬನೇ ವೈರಿ, ಗಾಳಿ. ಪೈಪಿನಲ್ಲಿ ಬೆರಳಷ್ಟು ಗಾಳಿ ಹಿಡಿದರೂ ಮೋಟರು ಸುಮ್ಮನೆ ಕೂಗುತ್ತದೆ, ನೀರು ಎತ್ತುವುದಿಲ್ಲ. ಬೆಳಗಾದರೆ ಮೊದಲ ಕೆಲಸ, ಮೋಟರಿಗೆ ನೀರು ಕುಡಿಸಿ ಗಾಳಿ ಹೊರಗೆ ಹಾಕುವುದು. ಪೈಪು ಗುಡುಗಿದರೂ ಗಾಳಿ, ನಡುಗಿದರೂ ಗಾಳಿ. ನಟ್ಟು ಸಡಿಲಿಸಿ, ಪುಸ್ ಎನ್ನಿಸಿ, ಮತ್ತೆ ಬಿಗಿದರೆ ರೋಗ ಮಾಯ. ನಮ್ಮ ಕಡೆ ಯಾವ ರೈತನನ್ನು ಕೇಳಿದರೂ ಇದನ್ನೇ ಹೇಳುತ್ತಾನೆ.

ಕಿಟಕಿಯ ಹತ್ತಿರ ಹೋಗಿ ಹೇಳಿದೆ: "ಏರ್ ಹಿಡದೈತಿ, ಮಗಳs. ಗಾಳಿ ಬಿಟ್ಟು ಬರ್ತೀನಿ."

ಅವಳು ಕಿವಿಯಿಂದ ಅರಳೆ ತೆಗೆದಳು. "ಗಾಳಿ ಅಲ್ಲಪಾ. ಗಂಗಾವತಿ ಬಸ್ಸಿನ್ಯಾಗ ನಿಂತಿರ್ತೀ. ಡ್ರೈವರ್ ಗಪ್ಪನ ಬ್ರೇಕ್ ಹಾಕ್ತಾನ. ಏನಾಕ್ಕತಿ?"

"ಎಲ್ಲಾರೂ ಮುಂದಿನವ್ರ ಮ್ಯಾಲ ಬೀಳ್ತಾರ."

"ನೀರೂ ಹಂಗs. ಗುಂಡಿನ ಮ್ಯಾಲಿಂದ ಓಡಿ ಬರಾಕತ್ತಿರ್ತೈತಿ. ವಾಲ್ವು ಟಪ್ ಅಂತ ಮುಚ್ಚಿತಂದ್ರ ಹಿಂದಿನ ನೀರೆಲ್ಲಾ ಬಂದು ಮುಂದಿನದಕ್ಕ ಗುದ್ದತೈತಿ. ಆ ಗುದ್ದು ಪೈಪಿಗೆ ಬೀಳ್ತೈತಿ."

ನೀರು ನೀರಿಗೆ ಗುದ್ದುತ್ತದಂತೆ! ನೀರು ಮೆತ್ತಗಿನದು ಎಂದು ಇಷ್ಟು ವರ್ಷ ನಂಬಿದ್ದೆ.

ಮೊದಲು ಪೈಪಿಗೂ ಗೋಡೆಗೂ ನಡುವೆ ಗೋಣಿತಟ್ಟು ತುರುಕಿ, ಕ್ಲಾಂಪು ಹೊಡೆದು ಬಿಗಿಸಿದೆ. ಗೋಡೆಗೆ ಬಡಿಯುವುದು ನಿಂತಿತು, ಒಳಗಿನ ಢಂ ನಿಲ್ಲಲಿಲ್ಲ. ಮೇಲೆ ಟ್ಯಾಂಕಿನ ಬುಡದಲ್ಲಿದ್ದ ಗೇಟ್ ವಾಲ್ವು ಅರ್ಧ ತಿರುವಿ ನೀರು ಸಣ್ಣದು ಮಾಡಿದೆ. ಢಂ ಸಣ್ಣದಾಯಿತು. ಜೊತೆಗೆ ಸ್ಪ್ರಿಂಕ್ಲರಿನ ನೀರೂ ಮಗು ಉಚ್ಚೆ ಹೊಯ್ದ ಹಾಗಾಯಿತು. ಒಂದು ಮಂಗ ಅದಕ್ಕೆ ಬಾಯಿ ಒಡ್ಡಿ ನೀರು ಕುಡಿಯಿತು, ದೇವರಾಣೆ.

ಆಗ ಮಗಳು ಆ ಮಾತು ಅಂದಳು.

"ಅಪ್ಪಾ, ವಾಲ್ವಿಗೆ ನೀರು ಬರೂ ಕಡೆ ಒಂದು ಮೂರು ಬಾಯಿ ಟೀ ಹಾಕಿ, ಮೊಳದುದ್ದ ದಪ್ಪ ಪೈಪು ನೆಟ್ಟಗ ನಿಂದ್ರಸು. ತಲಿಗೆ ತಿರುವೂ ಕ್ಯಾಪ್ ಬಿಗಿ."

"ಅದರಾಗಿಂದ ನೀರು ಎಲ್ಲಿಗಿ ಹೋಗಬೇಕು?"

"ಎಲ್ಲೂ ಹೋಗಬಾರದು. ಅದರಾಗ ಗಾಳಿ ಇರಬೇಕು."

"ಏನಿರಬೇಕು?"

"ಗಾಳಿ, ಅಪ್ಪಾ. ಗಾಳಿ."

ನಾನು ನಮ್ಮಾಕೆಯ ಮುಖ ನೋಡಿದೆ. ನಮ್ಮಾಕೆ ನನ್ನ ಮುಖ ನೋಡಿದಳು. ಬಾಣಂತಿಗೆ ಸನ್ನಿ ಆಗುತ್ತದೆ ಎಂದು ಕೇಳಿದ್ದೆವು. ನಮ್ಮಾಕೆ ಒಳಗೆ ಹೋಗಿ ಮಗಳ ಹಣೆ ಮುಟ್ಟಿ ನೋಡಿ ಬಂದಳು. "ಜ್ವರ ಇಲ್ಲ" ಎಂದು ನನಗೆ ಪಿಸುಗುಟ್ಟಿದಳು.

ಸಾಮಾನಿಗೆ ಹೋದರೆ ಪೈಪಿನ ಅಂಗಡಿಯ ಭಾಯಿಯೂ ನಕ್ಕ. ಅವನು ನನಗಿಂತ ಸಣ್ಣವನು, ಅವನ ತಂದೆಯ ಕಾಲದಿಂದ ನನ್ನ ಪಂಪುಸೆಟ್ಟುಗಳಿಗೆಲ್ಲ ಅದೇ ಅಂಗಡಿಯ ವಾಷರು.

"ಅರೆ ಕಾಕಾ, ಗಾಳಿ ತುಂಬಾಕ ಪೈಪೇನು? ಗಾಳಿ ಬೇಕಾದ್ರ ಮುಂದಿನ ಸೈಕಲ್ ಅಂಗಡಿಗಿ ಹೋಗ್ರಿ."

"ಮಗಳು ಹೇಳ್ಯಾಳೋ ಮಾರಾಯ. ಕೊಡು."

"ಮಗಳು ಹೇಳಿದ್ರ ಮುಗೀತು ಬಿಡ್ರಿ. ನಮ್ಮನ್ಯಾಗೂ ಮಗಳದs ಸರಕಾರ."

ಕೂಡಿಸಿದೆ. ಒಂದು ಕೆಲಸ ಮನಸ್ಸಿಲ್ಲದೆ ಮಾಡಿದರೆ ಹೇಗಿರುತ್ತದೋ ಹಾಗೆ ಮಾಡಿದೆ. ಮೇಲಿನ ವಾಲ್ವು ಪೂರ್ತಿ ತೆರೆದು ನೀರು ಬಿಟ್ಟು, ಮಡಿಯಲ್ಲಿ ನಾನೇ ಮಂಗನ ಹಾಗೆ ಕಾಲಿಟ್ಟೆ. ಚರ್ರ್ ಎಂದು ಅಭಿಷೇಕವಾಯಿತು. ಕಣ್ಣು ಮುಚ್ಚಿ ಢಂ ಎನ್ನುವುದನ್ನು ಕಾದೆ. ನೀರು ನಿಂತಿತು. ಗೋಡೆ ಸುಮ್ಮನಿತ್ತು. ನೆಟ್ಟ ಪೈಪಿನ ಒಳಗೆ ಯಾರೋ ಗುಟುಕು ನುಂಗಿದ ಹಾಗೆ ಒಂದು ಸಣ್ಣ ಸದ್ದು, ಅಷ್ಟೇ. ಮತ್ತೆ ಕಾಲಿಟ್ಟೆ. ಮತ್ತೆ ಅಷ್ಟೇ. ತೊಯ್ದು ತೊಪ್ಪೆಯಾಗಿ ಹಿತ್ತಲ ತುಂಬ ಕುಣಿದೆ. ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಕಿಟಕಿಯಲ್ಲಿ ಮಗಳು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು, ಅವಳ ತೋಳಿನಲ್ಲಿ ಕೂಸು ನಿದ್ದೆ ಮಾಡುತ್ತಿತ್ತು.

ಆಮೇಲಿನ ಕೆಲವು ದಿನಗಳನ್ನು ಹೇಗೆ ಹೇಳಲಿ! ಕೂಸು ಕುಡಿಯಿತು, ಮಲಗಿತು, ಎದ್ದು ಮತ್ತೆ ಕುಡಿಯಿತು. ಕೆನ್ನೆಯಲ್ಲಿ ಸ್ವಲ್ಪ ಮಾಂಸ ಕಂಡ ಹಾಗಾಯಿತು. ಮಂಗ ಬಂದರೆ ನೀರು, ಹೋದರೆ ಮೌನ. ಸಬ್ಬಸಿಗೆ ಚಿಗುರಿತು.

ಆದರೆ ನನ್ನ ಕೈ ಸುಮ್ಮನಿರಬೇಕಲ್ಲ. ಆಶಾ ಕಾರ್ಯಕರ್ತೆ ಬರುವುದು ಇನ್ನೇನು ಹತ್ತಿರ ಬಂದಿತ್ತು. ಭಾಯಿ ಕೂಸು ನೋಡಲೆಂದು ಖರ್ಜೂರ ಹಿಡಿದು ಬಂದ. ಇಬ್ಬರೂ ಹಿತ್ತಲಲ್ಲಿ, ಯಂತ್ರದ ಕಣ್ಣು ಬೀಳದ ಮೂಲೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದಾಗ ಮಂಗ ಬಂತು, ನೀರು ಚಿಮ್ಮಿತು, ನಿಂತಾಗ ಒಂದು ಸಣ್ಣ ಟುಕ್ ಕೇಳಿತು. ಹಿಂದಿನ ದಿನಗಳಲ್ಲಿ ಇರದಿದ್ದ ಟುಕ್.

ಭಾಯಿ ಕಿವಿ ನಿಮಿರಿಸಿದ. "ಕಾಕಾ, ಏರ್ ಹಿಡಿಯಾಕತ್ತೈತಿ ನೋಡ್ರಿ."

"ನನಗೂ ಹಂಗs ಅನಸ್ತೈತಿ."

ಈಗ ಬರೆಯುವಾಗ ನನಗೇ ಆಶ್ಚರ್ಯ. ಮಗಳು ಬಾಯಿಬಿಟ್ಟು 'ಗಾಳಿ ಇರಬೇಕು' ಎಂದಿದ್ದಳು. ನಾನು ಕೇಳಿದ್ದೆ, ಮಾಡಿದ್ದೆ, ಕುಣಿದೂ ಇದ್ದೆ. ಆದರೂ ಟುಕ್ ಎಂದ ಕೂಡಲೇ ತಲೆ ಹಳೆಯ ದಾರಿಗೆ ಎತ್ತಿನ ಹಾಗೆ ತಿರುಗಿತು. ಸದ್ದು ಎಂದರೆ ಗಾಳಿ, ಗಾಳಿ ಎಂದರೆ ಹೊರಗೆ. ಕೂಸು ತೂಗುವ ಹೊತ್ತಿಗೆ ಎಲ್ಲ ಸರಿಯಾಗಿರಲಿ ಎಂಬ ಆತುರ ಬೇರೆ. ಭಾಯಿ ಪೈಪು ಹಿಡಿದ, ನಾನು ಕ್ಯಾಪು ಸಡಿಲಿಸಿದೆ. ಪುಸ್ ಎಂದು ಗಾಳಿ ಹೋಯಿತು. ಆ ಸದ್ದು ಕೇಳಿ ಇಬ್ಬರಿಗೂ ಹೊಟ್ಟೆ ತಣ್ಣಗಾಯಿತು. ನೀರು ಬಾಯಿತನಕ ಏರಿ ತುಳುಕಿತು. ಬಿಗಿದೆ.

"ಈಗ ನೋಡ್ರಿ, ಹೆಂಗ ನಡೀತೈತಿ!" ಅಂದ ಭಾಯಿ, ಚಹಾದ ಕಪ್ಪು ಎತ್ತಿಕೊಳ್ಳುತ್ತ.

ಎರಡನೇ ಗುಟುಕಿಗೆ ಮಂಗ ಬಂತು. ಚರ್ರ್ ಎಂದಿತು. ನಿಂತಿತು.

ಆ ಸದ್ದನ್ನು ಹೇಗೆ ಬರೆಯಲಿ? ಮೊದಲಿನ ಢಂ ಅದರ ಮುಂದೆ ಚಪ್ಪಾಳೆ. ಕ್ಲಾಂಪು ಬಿಗಿದ ಪೈಪಿಗೆ ಅಲುಗಲು ಜಾಗವಿರಲಿಲ್ಲ, ಕಿಟಕಿಯ ಮೇಲೆ ಅದು ತಿರುಗುವ ಎಲ್ಬೋ ಸಿಡಿದು ಹೋಯಿತು. ಗುಂಡಿನ ಮೇಲಿನ ನೀರೆಲ್ಲ ತೋಳಿನಷ್ಟು ದಪ್ಪವಾಗಿ ನೇರ ಕಿಟಕಿಯೊಳಗೆ ನುಗ್ಗಿತು. ಕೆಂಡದ ಮೇಲೆ ಬಿದ್ದು ಭುಸ್ ಎಂದು ಬೂದಿಯ ಹೊಗೆ ಎದ್ದಿತು. ನಮ್ಮಾಕೆ ಬೊಬ್ಬೆ ಹೊಡೆದಳು. ಭಾಯಿ "ಯಾ ಅಲ್ಲಾ" ಎಂದು ಕಪ್ಪು ಬಿಟ್ಟು, ಗುಂಡು ಹತ್ತಿ ಮೇಲಿನ ವಾಲ್ವು ಮುಚ್ಚಲು ಓಡಿದ. ನಾನು ಒಳಗೆ ಓಡಿದೆ. ಗಂಡಸರು ಹೊಸ್ತಿಲು ದಾಟಬಾರದ ಕೋಣೆ, ದಾಟಿದೆ.

ಮಗಳು ಕೂಸನ್ನು ಬೆನ್ನಿನ ಮರೆಯಲ್ಲಿ ಹಿಡಿದು ಗೋಡೆಗೆ ಒತ್ತಿ ನಿಂತಿದ್ದಳು. ನೀರೆಲ್ಲ ಅವಳ ಬೆನ್ನಿಗೆ. ಬಾಣಂತಿ, ತಣ್ಣೀರು! ಕೂಸಿನ ಬಾಯಿ ತೆರೆದಿತ್ತು, ದನಿ ಇರಲಿಲ್ಲ. ತುಟಿ ನೀಲಿಯಾಗುತ್ತ ಬಂತು. ಇಷ್ಟು ವರ್ಷ ಕಾದದ್ದು, ನನ್ನ ಕೈಯಿಂದಲೇ... ಎಂದು ಅರ್ಧ ಯೋಚನೆ ಬಂತು. ಆಗ ಕೂಸು ಕಿರುಚಿತು. ಅಂಥ ಸಣ್ಣ ಎದೆಯಿಂದ ಅಷ್ಟು ದೊಡ್ಡ ಕಿರುಚು.

ನಮ್ಮಾಕೆ ಒಣ ಬಟ್ಟೆ ತಂದಳು, ಹೊಸ ಕೆಂಡ ತಂದಳು, ಮೆಣಸಿನ ಕಷಾಯ ತಂದಳು, ಜೊತೆಗೆ ನನಗೂ ಭಾಯಿಗೂ ಬೈಗುಳ ತಂದಳು. "ಇಬ್ಬರು ಮುದಿ ಮಂಗ್ಯಾಗೋಳು ಹಿತ್ತಲದಾಗ ಕುಂತಿದ್ವು, ಆ ಯಂತ್ರಕ್ಕ ಕಾಣಲಿಲ್ಲೇನು? ಮೊದಲು ಇವಕ್ಕ ನೀರು ಹೊಡೀಬೇಕಿತ್ತು!"

ಮಗಳು ಬಟ್ಟೆ ಬದಲಿಸಿ, ಕೂಸನ್ನು ಸಮಾಧಾನ ಮಾಡಿ ತಾಯಿಯ ಕೈಗೆ ಕೊಟ್ಟಳು. ಆಮೇಲೆ ಬಾಣಂತಿ ಮಾಡಬಾರದ್ದನ್ನು ಮಾಡಿದಳು. ಚಪ್ಪಲಿ ಮೆಟ್ಟಿ, ಕಂಬಳಿ ಹೊದ್ದು, ನಡುಹಗಲು ಹಿತ್ತಲಿಗೆ ಇಳಿದುಬಂದಳು. ನೆಟ್ಟ ಪೈಪಿಗೆ ಬೆರಳಿಂದ ಬಡಿದಳು. ತುಂಬಿದ ಕೊಡದ ಹಾಗೆ ಮಂಕಾಗಿ ಸದ್ದಾಯಿತು.

"ಯಾರು ಗಾಳಿ ತಗದ್ರಿ?"

ನಾನು ಭಾಯಿಯನ್ನು ನೋಡಿದೆ. ಭಾಯಿ ಆಕಾಶ ನೋಡಿದ.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಅಪ್ಪಾ, ಹೊಳೀ ಪಂಪಿನ್ಯಾಗ ನೀರು ಏರಬೇಕು, ಅಲ್ಲಿ ಗಾಳಿ ಬಂದ್ರ ಕಳ್ಳ ಖರೆ. ಇಲ್ಲಿ ನೀರು ಬೀಳ್ತೈತಿ. ಬೀಳೋದಕ್ಕ ಹಾಸಿಗಿ ಬೇಕು. ನೀರು ಬಂದು ಗುದ್ದಿತಂದ್ರ ಗಾಳಿ ಅಮುಕಿ ಸಣ್ಣದಾಕ್ಕತಿ, ಗುದ್ದು ಅಲ್ಲೇ ಸಾಯ್ತೈತಿ. ಆ ಗಾಳಿನ ದಿನಾ ಸ್ವಲ್ಪ ಸ್ವಲ್ಪ ನೀರು ತಿಂತೈತಿ. ಅದಕ್ಕs ಟುಕ್ ಅಂದದ್ದು. ಗಾಳಿ ಹೆಚ್ಚಾಗಿ ಅಲ್ಲ, ಕಡಿಮಿ ಆಗಿ."

ಭಾಯಿ ತಲೆ ಕೆರೆದುಕೊಂಡ. "ಕಾಕಾ, ಗಾಳಿ ಇದ್ದದ್ದು ನಮ್ಮ ತಲ್ಯಾಗ. ಅದನ್ನ ಬಿಡೂದು ಬಿಟ್ಟು ಪೈಪಿಂದು ಬಿಟ್ಟಿವಿ." ಅಷ್ಟು ಹೇಳಿ ಅಂಗಡಿಗೆ ಓಡಿಹೋಗಿ ಹೊಸ ಎಲ್ಬೋ, ಅಂಟಿಸುವ ಸಲೂಶನ್ ತಂದ.

ಮಗಳು ನನ್ನ ಕೈಯಿಂದಲೇ ಮಾಡಿಸಿದಳು. ಮೇಲಿನ ವಾಲ್ವು ಮುಚ್ಚು, ಕೆಳಗಿನ ನಳ ಬಿಡು, ನೆಟ್ಟ ಪೈಪಿನ ಕ್ಯಾಪು ತೆಗೆ, ಒಳಗಿನ ನೀರೆಲ್ಲ ಇಳಿದು ಹೋಗಲಿ. ಈಗ ಬಡಿದರೆ ಖಾಲಿ ಡಬ್ಬಿಯ ಸದ್ದು. ಕ್ಯಾಪಿಗೆ ಬಿಳಿ ಟೇಪು ಸುತ್ತಿ ಬಿಗಿ, ನಳ ಮುಚ್ಚು, ಮೇಲಿನ ವಾಲ್ವು ನಿಧಾನವಾಗಿ ತೆರೆ. ಗಾಳಿ ಒಳಗೇ ಸಿಕ್ಕಿಬಿತ್ತು. "ಅಮಾಸಿಗೊಮ್ಮಿ ಹಿಂಗ ಮಾಡಪಾ" ಎಂದಳು. ಅಮಾವಾಸ್ಯೆಗೆ ಪಂಪುಸೆಟ್ಟಿಗೆ ಕಾಯಿ ಒಡೆದು ಕುಂಕುಮ ಹಚ್ಚುವ ಕೈ ನನ್ನದು, ಆ ದಿನ ತಪ್ಪುವುದಿಲ್ಲ ಎಂದು ಅವಳಿಗೆ ಗೊತ್ತು. ಆ ಕೈ ಕುಂಕುಮದ ಜೊತೆ ಇನ್ನು ಗಾಳಿಯನ್ನೂ ತುಂಬಬೇಕು! ಯಾರಿಗೆ ಹೇಳಿದರೆ ನಂಬುತ್ತಾರೆ?

ಎಲ್ಬೋ ಅಂಟು ಒಣಗಲು ಇಡೀ ದಿನ ಬಿಟ್ಟೆವು. ಅಷ್ಟು ಹೊತ್ತೂ ನಾನೇ ಮಡಿಯ ನಡುವೆ ಕುರ್ಚಿ ಹಾಕಿಕೊಂಡು ಮಂಗಗಳನ್ನು ಕಾದೆ. ಬಾಣಂತಿಗೆ ನೆಗಡಿಯೂ ಆಗಲಿಲ್ಲ. ನಮ್ಮಾಕೆ ಅದು ತನ್ನ ಕಷಾಯದ ಗುಣ ಎನ್ನುತ್ತಾಳೆ, ಇರಬಹುದು.

ಆಶಾ ಕಾರ್ಯಕರ್ತೆ ಬಂದ ದಿನ ನಾನು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಸಿಡಿದ ದಿನ ಕೂಸು ಕಕ್ಕಿದ ಹಾಲು, ಕಳೆದ ನಿದ್ದೆ, ಅದೇ ತಲೆಯಲ್ಲಿ. ಅವಳು ತಕ್ಕಡಿಯನ್ನು ಜಂತಿಗೆ ತೂಗುಹಾಕಿ, ನಿದ್ದೆಯಲ್ಲಿದ್ದ ಕೂಸನ್ನು ಬಟ್ಟೆಯ ಜೋಳಿಗೆಯಲ್ಲಿ ಇಟ್ಟಳು. ಮಗಳು ಹೊರಸಿನ ಪಟ್ಟಿಯನ್ನು ಬಿಗಿಯಾಗಿ ಹಿಡಿದಿದ್ದಳು. ನಾನು ಹೊಸ್ತಿಲ ಹೊರಗೆ. ಮುಳ್ಳು ಅಲ್ಲಾಡುತ್ತಿತ್ತು, ನಿಲ್ಲುತ್ತಿರಲಿಲ್ಲ.

ಅದೇ ಹೊತ್ತಿಗೆ ಹಿತ್ತಲಲ್ಲಿ ಚರ್ರ್ ಎಂದಿತು.

ನಾವು ಮೂವರೂ ಮೈ ಬಿಗಿಹಿಡಿದೆವು. ನಮ್ಮಾಕೆ ಕಣ್ಣು ಮುಚ್ಚಿದಳು. ಆಶಾ ಕಾರ್ಯಕರ್ತೆ ನಮ್ಮನ್ನು ನೋಡಿ, ಇವರಿಗೇನಾಯಿತು ಎಂದು ಕೈ ನಿಲ್ಲಿಸಿದಳು. ನೀರು ನಿಂತಿತು. ಆಮೇಲೆ ಏನೂ ಇಲ್ಲ. ಕೂಸು ಜೋಳಿಗೆಯಲ್ಲಿ ತುಟಿ ಚೀಪುತ್ತ ಮಲಗೇ ಇತ್ತು. ಮುಳ್ಳು ಒಂದು ಕಡೆ ನಿಂತಿತು.

ಅವಳು ಬಗ್ಗಿ ನೋಡಿದಳು. ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿದಳು. "ಏನ್ ತಿನ್ನಿಸೀರಿ ಇಕಿಗೆ? ಕಾಕಾ, ಭಾಳ ಛಲೋ ಏರೈತಿ! ಕೊಪ್ಪಳಕ್ಕ ಏನೂ ಬ್ಯಾಡ. ಇಲ್ಲೇ ಇರ್ಲಿ ನಿಮ್ಮ ರಾಣಿ."

ನನ್ನ ಬಾಯಿಂದ ಏನು ಬಂತೋ ನನಗೇ ಗೊತ್ತಿಲ್ಲ. ಹೊಳೆಯ ಆಚೆ ದಂಡೆಯವರನ್ನು ಕರೆಯುವಾಗ ಕೂಗುತ್ತಿದ್ದೆನಲ್ಲ, ಅಂಥ ಕೂಗು. ಹಿತ್ತಲಲ್ಲಿ ಉಳಿದಿದ್ದ ಒಂದು ಮಂಗವೂ ಓಡಿಹೋಯಿತಂತೆ. ಕೂಸು ಬೆಚ್ಚಿ ಎದ್ದು ಚಿಟ್ಟನೆ ಚೀರಿತು.

"ಎಬ್ಬಿಸಿದ್ರಲ್ರೀ!" ನಮ್ಮಾಕೆ ಹಣೆ ಬಡಿದುಕೊಂಡಳು. "ಮಗಳs, ನಿಮ್ಮಪ್ಪನ ಗಂಟಲಕ್ಕೂ ಒಂದು ಗಾಳಿ ಪೈಪು ಕೂಡ್ಸವಾ, ನಿನಗ ಪುಣ್ಯ ಬರ್ತೈತಿ."

ಮಗಳು ಅಳುತ್ತಿದ್ದಳು, ನಗುತ್ತಿದ್ದಳು. ಕೂಸನ್ನು ಜೋಳಿಗೆಯಿಂದ ಎತ್ತಿ, ಹೊಸ್ತಿಲ ತನಕ ಬಂದು, ನನ್ನ ಕಡೆ ಚಾಚಿದಳು. "ತಗೋ. ಎಬ್ಬಿಸಿದವ್ರs ಮಲಗಿಸಬೇಕು."

ಆ ತನಕ ನಾನು ಅದನ್ನು ಎತ್ತಿಕೊಂಡಿರಲಿಲ್ಲ. ಹೊಸ್ತಿಲ ಹೊರಗೆ ನಿಂತು ನೋಡುವುದಷ್ಟೇ ನನ್ನ ಪಾಲಿಗೆ. ಲುಂಗಿಗೆ ಕೈ ಒರೆಸಿಕೊಂಡು, ಎರಡೂ ಅಂಗೈ ಒಡ್ಡಿದೆ. ಅಂಗೈಯಲ್ಲಿ ಹಿಡಿಸಲಿಲ್ಲ, ಮೊಣಕೈ ತನಕ ಬಂತು. ಎದೆಗೆ ಒರಗಿಸಿಕೊಂಡೆ. ಅದು ಅಳು ನಿಲ್ಲಿಸಲಿಲ್ಲ. ಮುಖ ಕೆಂಪು ಮಾಡಿಕೊಂಡು, ಕಾಲು ಮಡಚಿ, ನನ್ನ ಎದೆಗೆ ಸರಿಯಾಗಿ ಒಂದು ಒದ್ದಿತು. ಅಷ್ಟು ಸಣ್ಣ ಕಾಲಿನಲ್ಲಿ ಅಷ್ಟು ಬಲ ಎಲ್ಲಿಂದ ಬಂತು? ಮತ್ತೆ ಒದೆಯಲಿ ಎಂದು ಸ್ವಲ್ಪ ಸಡಿಲ ಹಿಡಿದೆ. ಒದ್ದಿತು.